ಕುಬಸಕ್ಕೆ ಹೊರಟ ತೊಗರಿ

ಕೇಳಿದವರಿಗೆ ಬೀಜ ಇಲ್ಲ ಅನ್ನುವುದಿಲ್ಲ, ದುಡ್ಡಿಗೆ ಮಾರುವುದಿಲ್ಲ. ಹುಚ್ಚವ್ವ ತನ್ನ ಅತ್ತೆಗೆ ಹೀಗೆ ಮಾತು ಕೊಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ.

ಆ ಮಾತಿನ ದೆಸೆಯಿಂದ ಈಗ ನನ್ನ ಬೈಕಿನ ಬೆನ್ನಿಗೆ ಒಂದು ಬಿಳಿ ಬೊಲೆರೊ ಬಿದ್ದಿತ್ತು!

ಹಿಂದಿನ ಸೀಟಿನಲ್ಲಿ ಹುಚ್ಚವ್ವ. ಅವಳ ತೊಡೆಯ ಮೇಲೆ ಒಂದು ಗೋಣಿಚೀಲ. ಚೀಲದಲ್ಲಿ ತೊಗರಿ ಬೀಜ. ಬೊಲೆರೊದವರಿಗೆ ಬೇಕಾಗಿದ್ದು ಆ ಚೀಲ. ನಾವಿಬ್ಬರು ಉಳಿದರೂ ಸರಿ, ಉರುಳಿದರೂ ಸರಿ...

"ಇನ್ನಷ್ಟ ಜೋರ ಹೊಡಿಯೋ!" ಹುಚ್ಚವ್ವ ನನ್ನ ಬೆನ್ನಿಗೆ ಗುದ್ದಿದಳು.

"ಎಂಬತ್ತರಾಗ ಹೊಂಟೇನಿ ಬೇ!"

"ನಮ್ಮ ಟಗರು ಇದಕಿಂತ ಜೋರ ಓಡ್ತೈತಿ."

ದೇವರ ಹಿಪ್ಪರಗಿಯಿಂದ ಬಸವನ ಬಾಗೇವಾಡಿಗೆ ಹೋಗುವ ರಸ್ತೆ ನೋಡಿದ್ದೀರಾ? ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಅದನ್ನು ರಸ್ತೆ ಅನ್ನುವುದಕ್ಕೂ ಎದೆಗಾರಿಕೆ ಬೇಕಿತ್ತು. ತಗ್ಗಿಗೆ ಬಿದ್ದರೆ ಹಲ್ಲು... ದಿಬ್ಬಕ್ಕೆ ಹಾರಿದರೆ ಸೊಂಟ!

ಧಡ್!

ಬೊಲೆರೊದ ಬಂಪರ್ ನನ್ನ ಹಿಂದಿನ ಮಡ್‌ಗಾರ್ಡಿಗೆ ಬಡಿಯಿತು. ಬೈಕು ಹಾವಿನ ಹಾಗೆ ಹೊರಳಿತು. ನಾನು ಹ್ಯಾಂಡಲ್ ಬಿಗಿಹಿಡಿದೆ. ಬೈಕು ಉಳಿಯಿತು. ಚೀಲದ ಮೂಲೆ ಹರಿಯಿತು.

"ನಿಲ್ಸೋ! ನಿಲ್ಸು!"

"ಯಾಕ ಬೇ?"

"ಕಾಳು ಬಿದ್ವು!"

"ಇಲ್ಲಿ ಜೀವ ಹೋಗೂದೈತಿ, ಕಾಳಂತ ಕಾಳು!"

"ನಿನ್ನಂಥಾವ್ರು ಮತ್ತ ಹುಟ್ತಾರ. ಇದು ಹೋದ್ರ ಹುಟ್ಟಂಗಿಲ್ಲ. ನಿಲ್ಸು ಅಂದ್ನಿ!"

ನಾನು ನಿಲ್ಲಿಸಲಿಲ್ಲ. ಅವಳು ಬೈಯುತ್ತಲೇ ತೂತಿಗೆ ಹೆಬ್ಬೆರಳು ತುರುಕಿದಳು. ಮುಂದೆ ದಾರಿಯುದ್ದಕ್ಕೂ ಅದನ್ನು ತೆಗೆಯಲಿಲ್ಲ. ಬೈಗುಳವನ್ನೂ ನಿಲ್ಲಿಸಲಿಲ್ಲ.

ನನ್ನ ಹೆಸರು ಶ್ರೀಶೈಲ. ಊರು ಇಂಡಿ. ಕಂತು ಕಟ್ಟದವರ ಟ್ರ್ಯಾಕ್ಟರ್ ಎಳೆದು ತರುವುದು ಕಸುಬು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ... ನಾಲ್ಕೂ ತಾಲೂಕಿನಲ್ಲಿ ನನ್ನ ಬೈಕಿನ ಸದ್ದು ಕೇಳಿದರೆ ಟ್ರ್ಯಾಕ್ಟರುಗಳು ತಾವಾಗಿಯೇ ಬಣವೆಯ ಹಿಂದೆ ಅಡಗುತ್ತಿದ್ದವು! ಒಳ್ಳೆಯ ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಮಾತು. ಕಂತು ಕಟ್ಟಿದವನ ಗಾಡಿಯ ಟೈರನ್ನು ಕೂಡ ನಾನು ಮುಟ್ಟಿದವನಲ್ಲ.

ನನ್ನನ್ನು ಈ ತೊಗರಿಗೆ ಗಂಟು ಹಾಕಿದವನು ಬಸಂತರಾಯ. ಒಂದು ಬೀಜದ ಕಂಪನಿಯ ಏರಿಯಾ ಮ್ಯಾನೇಜರ್. ಕಂಪನಿಯ ಹೆಸರು ಹೇಳಿದರೆ ನನ್ನ ಮೇಲೆ ಕೇಸು. ಎಲ್ಲರೂ 'ಕಂಪನಿ' ಅನ್ನುತ್ತಿದ್ದರು, ನಿಮಗೂ ಅಷ್ಟೇ ಸಾಕು. ಬಿಜಾಪುರದಲ್ಲಿ ಎಸಿ ರೂಮು. ಬಂಗಾರದ ಫ್ರೇಮಿನ ಕನ್ನಡಕ. ಬೆಣ್ಣೆಯಂಥ ಮಾತು.

"ಶ್ರೀಶೈಲ ಅವರ, ನಮ್ಮ ಹೊಸಾ ತೊಗರಿ ಕಳವಾಗೈತ್ರಿ."

"ಎಷ್ಟು ಚೀಲರಿ?"

"ಚೀಲ ಅಲ್ರಿ. ತಳೀನ ಕಳವಾಗೈತಿ."

ನನಗೆ ತಲೆಬುಡ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಕಂಪನಿಯವರು ಲ್ಯಾಬಿನಲ್ಲಿ ಕೆಂಪು ಚುಕ್ಕಿಯ ಒಂದು ತೊಗರಿಯೊಳಗೆ ಜೀನ್ ಸೇರಿಸಿದ್ದಾರೆ. ಆ ಗಿಡ ತಿಂದ ಹುಳ ಸಾಯುತ್ತದೆ. ಮುಂದಿನ ವರ್ಷ ಪ್ಯಾಕೆಟ್ಟಿನಲ್ಲಿ ಮಾರಾಟ. ಕೊಂಡ ರೈತ ಬೀಜ ಎತ್ತಿಡುವ ಹಾಗಿಲ್ಲ. ಪ್ರತಿ ವರ್ಷ ಹೊಸ ಪ್ಯಾಕೆಟ್ಟು, ಹೊಸ ರೇಟು! ಅಂಥದ್ದರಲ್ಲಿ ದೇವರ ಹಿಪ್ಪರಗಿಯ ಹುಚ್ಚವ್ವ ಎಂಬ ಕುರಿಯವರ ಹೆಂಗಸು ಅದೇ ಕೆಂಪು ಚುಕ್ಕಿಯ ತೊಗರಿಯನ್ನು ಪುಕ್ಕಟೆ ಹಂಚುತ್ತಾಳಂತೆ.

"ಆಕಿ ಕಳ್ಳಿ ಅದಾಳ್ರಿ. ಪ್ರೂಫ್ ತರ್ರಿ," ಎಂದು ಬಸಂತರಾಯ ನನ್ನ ಕೈಗೆ ಕಾಗದದ ಪಟ್ಟಿಗಳ ಒಂದು ಡಬ್ಬಿ ಕೊಟ್ಟ. "ಬೀಜ ಅರೆದು, ನೀರಾಗ ಕಲಸಿ, ಈ ಪಟ್ಟಿ ಅದ್ದರಿ. ಎರಡು ಕೆಂಪು ಗೆರಿ ಮೂಡಿದ್ರ ನಮ್ಮ ಮಾಲು."

ಸಲೀಸು ಕೆಲಸ. ರೈತನ ವೇಷ ಹಾಕಿ ಹೋದೆ. ಹೆಗಲಿಗೆ ಟವೆಲ್ಲು, ಕಾಲಿಗೆ ಹರಿದ ಚಪ್ಪಲಿ. ಹುಚ್ಚವ್ವ ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಹೊಲ ಎಷ್ಟೈತಿ?"

"ಎರಡೆಕರೆ ಬೇ," ಎಂದು ಸುಳ್ಳು ಹೇಳಿದೆ.

ಅವಳು ಟವೆಲ್ಲಿಗೆ ಬೀಜ ಸುರಿದಳು. "ಇಷ್ಟ ಸಾಕು. ಕೂಡು, ರೊಟ್ಟಿ ತಿಂದು ಹೋಗು."

ನಾನು ಜೇಬಿಗೆ ಕೈ ಹಾಕಿದೆ. ಅವಳು ಲಟ್ ಎಂದು ಮಣಿಕಟ್ಟಿನ ಮೇಲೆ ಹೊಡೆದಳು!

"ರೊಕ್ಕ ತಗೀಬ್ಯಾಡ. ನಮ್ಮತ್ತಿ ಸಾಯೂಮುಂದ ನನ್ನ ಕೈ ಹಿಡದು ಮಾತು ತಗೊಂಡಾಳ. ಮಾರಂಗಿಲ್ಲ, ಕೇಳಿದಾವ್ರಿಗಿ ಇಲ್ಲ ಅನ್ನಂಗಿಲ್ಲ. ಈಗೇನು, ಕೇಳಾವ್ರ ಇಲ್ಲ. ಎಲ್ಲಾರೂ ಪ್ಯಾಕೀಟಿನ ಬೀಜಕ್ಕ ಬಿದ್ದಾರ. ಈ ಚುಕ್ಕಿ ತೊಗರಿ ಉಳಿದಿದ್ದು ನನ್ನ ಮನ್ಯಾಗ ಒಂದ. ಹಿಂದೊಮ್ಮಿ ಒಬ್ಬ ಸಾಹೇಬ ಬಂದಿದ್ದ. ಬಸಂತರಾಯ ಅಂತ ಹೆಸರು, ಕಣ್ಣಿಗಿ ಬಂಗಾರದ ಚಾಳೀಸು. ಅವಗೂ ಕೊಟ್ಟೇನಿ."

ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ!

ಊರಾಚೆ ಬೇವಿನ ಮರದ ಕೆಳಗೆ ಕೂತು ಪಟ್ಟಿ ಅದ್ದಿದೆ. ಕಾದೆ. ಒಂದು ಗೆರೆ. ಇನ್ನೊಂದು ಪಟ್ಟಿ ಅದ್ದಿದೆ. ಅದರಲ್ಲೂ ಒಂದೇ. ಫೋನು ಹಚ್ಚಿದೆ.

"ಸಾಹೇಬ್ರ, ಒಂದ ಗೆರಿ ಬರಾಕತ್ತೈತಿ. ಇದು ನಿಮ್ಮ ಮಾಲಲ್ಲ."

ಆ ಕಡೆ ಎಸಿಯ ಗುಂಯ್ ಸದ್ದು...

"ಗೊತ್ತೈತ್ರಿ," ಎಂದ ಬಸಂತರಾಯ.

"ಮತ್ತ?"

"ಅದಕ್ಕ ಬೇಕಾಗೈತಿ. ಪಟ್ಟಿ ಬರೇ ನೆಪ, ಆಕಿ ಹತ್ರ ಬೀಜ ಇನ್ನಾ ಐತೋ ಇಲ್ಲೋ ನೋಡೂದಿತ್ತು. ನಮ್ಮ ತೊಗರಿಕಿಂತ ಮೊದಲ ಇಂಥಾದ್ದೊಂದು ತೊಗರಿ ಇತ್ತು ಅಂತ ಯಾರೂ ತೋರಿಸಬಾರದು. ನಾಳೆ ನಮ್ಮ ಡ್ರೈವರ್ ಗುರಣ್ಣ ಬರ್ತಾನ. ಚೀಲ ಎತ್ಕೊಂಡು ಬಂದು ಸುಟ್ಟುಬಿಡ್ರಿ."

ಲೈನು ಕಟ್ಟಾಯಿತು. ನನ್ನ ತಲೆಯಲ್ಲಿ ಮಾತ್ರ ಲೈಟು ಹೊತ್ತಿತು. ಹುಚ್ಚವ್ವನ ತೊಗರಿಯನ್ನೇ ಒಯ್ದಿದ್ದಾರೆ. ಅದಕ್ಕೆ ತಮ್ಮದೊಂದು ಜೀನ್ ಸಿಕ್ಕಿಸಿದ್ದಾರೆ. ಈಗ ಇಡೀ ತಳಿ ನಮ್ಮದು ಅನ್ನುತ್ತಿದ್ದಾರೆ. ಯಾರದೋ ಎಮ್ಮೆಯ ಕೊರಳಿಗೆ ಗಂಟೆ ಕಟ್ಟಿ, ಹಾಲು ಕರೆದುಕೊಂಡು, ಎಮ್ಮೆ ಸಾಕಿದವಳ ಮೇಲೇ ಕಳ್ಳತನದ ಕೇಸು!

ಈ ಹೆಂಗಸು ಯಾರಿಗೂ ಕಂತು ತಪ್ಪಿಸಿರಲಿಲ್ಲ. ಇವಳ ಚೀಲ ಎಳೆದು ತರಲು ನನ್ನ ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಗುರಣ್ಣನಿಗಿಂತ ಮೊದಲೇ ನಾನು ಅವಳ ಕಟ್ಟೆಯ ಮುಂದೆ ಇದ್ದೆ. ಟವೆಲ್ಲಿನ ಬೀಜವನ್ನು ಚೀಲಕ್ಕೇ ಸುರಿದೆ.

"ಯವ್ವಾ, ನಾ ರೈತ ಅಲ್ಲ."

"ನಿನ್ನ ಅಂಗೈ ನೋಡಿದಾಗ ಗೊತ್ತಾತು," ಎಂದಳು. "ಕೇಳಿದಿ, ಕೊಟ್ಟೆ."

ಎಲ್ಲ ಹೇಳಿದೆ. ಬಸಂತರಾಯ, ಜೀನ್, ಬೆಂಕಿ. ಅವಳು ಎಲೆಯಡಿಕೆ ಜಗಿಯುತ್ತಾ ಕೇಳಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬಿಜಾಪುರದಾಗ ನನಗ ಗುರ್ತಿನ ವಕೀಲರದಾರ. ಚೀಲ ತಗೊಂಡು ಅಲ್ಲಿಗಿ ಹೋಗೂಣು," ಎಂದೆ.

"ಮೊದಲ ತಂಗಡಗಿ. ನಮ್ಮ ತಮ್ಮನ ಮಗಳು ರೇಣುಕಾಂದು ಇವತ್ತ ಕುಬಸ ಐತಿ."

"ಬೀಜ ಸುಡಾಕ ಬರಾಕತ್ತಾರ, ನಿನಗ ಕುಬಸದ ಚಿಂತಿ?"

"ಬಸರ್ಯಾಕಿ ಕಾಯ್ತಾಳೇನು? ಚೀಲ ಎತ್ತು. ಗಾಡಿ ಚಾಲೂ ಮಾಡು."

ಓಣಿಯ ಆ ತುದಿಯಲ್ಲಿ ಬೊಲೆರೊ ತಿರುಗಿದ್ದು ಆಗಲೇ! ಮುಂದಿನದು ನಿಮಗೆ ಗೊತ್ತು. ತಗ್ಗು, ದಿಬ್ಬ, ಬಂಪರ್, ಹೆಬ್ಬೆರಳು.

ಬಾಗೇವಾಡಿಯಲ್ಲಿ ಸಂತೆ. ನನ್ನ ಪುಣ್ಯ! ಉಳ್ಳಾಗಡ್ಡಿಯ ರಾಶಿ, ಮೆಣಸಿನಕಾಯಿಯ ತಟ್ಟು, ಬೈಗುಳದ ಸುರಿಮಳೆ... ನಡುವೆ ಬೈಕು ನುಗ್ಗಿಸಿದೆ. ಬೊಲೆರೊ ಹಿಂದೆ ಉಳಿಯಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗುರಣ್ಣ.

"ಶ್ರೀಶೈಲ್ಯಾ, ಮಗನ, ಚೀಲ ಇಳಿಸಿ ಹೋಗು. ನಿನ್ನ ಕಾಲು ಉಳೀತಾವ."

"ಟಾಯರ್ ನೋಡ್ಕೊ ಗುರಣ್ಣ. ಮುದ್ದೇಬಿಹಾಳದ ಹಾದ್ಯಾಗ ಮುಳ್ಳು ಭಾಳ."

"ಸಾಹೇಬ್ರು ಪೊಲೀಸರನ್ನ ಕರಕೊಂಡು ಮುಂದ ಹೊಂಟಾರ. ಎಲ್ಲಿ ಹೋಗ್ತಿ?"

ಹುಚ್ಚವ್ವ ನನ್ನ ಕಿವಿಯ ಪಕ್ಕ ಬಾಯಿ ತಂದು ಫೋನಿಗೆ ಕೂಗಿದಳು. "ತಂಗಡಗಿಗಿ ಹೊಂಟೇವೋ! ಕುಬಸ ಐತಿ, ಉಣ್ಣಾಕ ಬಾ!"

ಇಂಥವರನ್ನು ಕಟ್ಟಿಕೊಂಡು ಗುಟ್ಟಿನ ಕೆಲಸ ಮಾಡಬೇಕು ನೋಡಿ!

ಮುದ್ದೇಬಿಹಾಳದ ಈಚೆಗೆ ಬೊಲೆರೊ ಮತ್ತೆ ಕನ್ನಡಿಯಲ್ಲಿ ಕಾಣಿಸಿತು. ಮುಂದೆ ರಸ್ತೆಯ ತುಂಬ ಕುರಿ. ಹಿಂಡಿನ ನಡುವೆ ಒಬ್ಬ ಮುದುಕ, ಹೆಗಲಿಗೆ ಕಂಬಳಿ. ಹುಚ್ಚವ್ವ ಸೆರಗು ಸರಿಮಾಡಿಕೊಂಡಳು.

"ಮೆಲ್ಲಕ ಹೊಡಿ. ನನ್ನ ಗಂಡ."

ಅಮಸಿದ್ದ ಬೈಕು ನೋಡಿದ, ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ.

"ಎಲ್ಲಿಗಿ ಹೊಂಟಿ?"

"ಕುಬಸಕ್ಕ."

"ಇಂವ ಯಾರು?"

"ಕಳ್ಳರ ಕೂಡ ಇದ್ದ. ನಿನ್ನೆ ಬಿಟ್ಟಾನ."

"ಹಿಂದ ಬರಾಕತ್ತಾವ್ರು?"

"ಅವ್ರು ಇನ್ನಾ ಬಿಟ್ಟಿಲ್ಲ."

ಅಮಸಿದ್ದ ತಲೆ ಆಡಿಸಿದ. ಬಾಯಿಯಲ್ಲಿ ಎಂಥದೋ ಸದ್ದು ಮಾಡಿದ. ಹಿಂಡು ಎರಡು ಸೀಳಾಗಿ ನಮಗೆ ದಾರಿ ಬಿಟ್ಟಿತು, ಮತ್ತೆ ಕೂಡಿಕೊಂಡಿತು. ಹಿಂದೆ ಹಾರ್ನು... ಹಾರ್ನಿನ ಮೇಲೆ ಹಾರ್ನು! ಅಮಸಿದ್ದ ರಸ್ತೆಯ ನಡುವೆ ಕೂತು ಒಂದು ಮರಿಯ ಗೊರಸಿನ ಮುಳ್ಳು ಹುಡುಕತೊಡಗಿದ. ನಾಲ್ಕೂ ಕಾಲು ನೋಡಬೇಕಲ್ಲ!

ತಂಗಡಗಿ. ಮನೆಯ ಮುಂದೆ ಹಂದರ, ಒಳಗೆ ಹೋಳಿಗೆಯ ವಾಸನೆ. ಹಸಿರು ಸೀರೆಯ ರೇಣುಕಾ ಮಣೆಯ ಮೇಲೆ. ಸುತ್ತ ಹತ್ತೂರಿನ ಹೆಣ್ಣುಮಕ್ಕಳು. ಬಳೆಗಾರ್ತಿ ಸಗೀರಾ ರೇಣುಕಾಳ ಕೈಗೆ ಬಳೆ ಏರಿಸುತ್ತಿದ್ದಳು.

ಹುಚ್ಚವ್ವ ಚೀಲವನ್ನು ಹಂದರದ ನಡುವೆ ಇಟ್ಟಳು. ಹೆಬ್ಬೆರಳು ಹೊರಗೆ ತೆಗೆದಳು.

"ಅಕ್ಕಿ ಇವತ್ತ ಬ್ಯಾಡ," ಎಂದಳು. "ರೇಣುಕಾಗ ತೊಗರೀಲೆ ಉಡಿ ತುಂಬತೇನಿ. ನಿಮಗೆಲ್ಲಾರಿಗೂ ತುಂಬತೇನಿ. ನನ್ನ ಬೀಜ ಸುಡಾಕ ಬರಾಕತ್ತಾರ. ಯಾರಿಗಿ ಬೇಕು, ಕೇಳ್ರಿ."

ಸಗೀರಾ ಬಳೆಯ ಮಲಾರ ಬದಿಗಿಟ್ಟು ಎದ್ದಳು. ಸೆರಗು ಒಡ್ಡಿದಳು.

"ನನಗ ಹಾಕ್ರಿ ಹುಚ್ಚವ್ವಕ್ಕ. ನಾ ಊರೂರು ತಿರುಗಾಕಿ. ಬಳಿ ಇಟ್ಟಲ್ಲೆಲ್ಲಾ ಒಂದೊಂದು ಮುಟಗಿ ಇಟ್ಟು ಬರ್ತೇನಿ."

"ನನಗ?" "ನನಗೂ ಯತ್ತಿ!" "ನಮ್ಮ ಹೊಲಕ್ಕ ಎರಡು ಬೊಗಸಿ!" ಸೆರಗುಗಳು ಅರಳಿದವು. ಹುಚ್ಚವ್ವನ ಎರಡೂ ಕೈ ಓಡಿದವು. ಕೊನೆಯಲ್ಲಿ ಚೀಲದ ತಳದಲ್ಲಿದ್ದಷ್ಟನ್ನು ರೇಣುಕಾ ಎದ್ದು ಹುಚ್ಚವ್ವನ ಉಡಿಗೇ ತುಂಬಿದಳು. ಚೀಲ ಬರಿದಾಗಿ ನೆಲಕ್ಕೆ ಬಿತ್ತು.

ಎರಡು ಗಾಡಿ ಅಂಗಳದಲ್ಲಿ ಕಿರ್‍ರ್ ಎಂದು ನಿಂತವು! ಬಸಂತರಾಯ ಇಳಿದ. ಜೊತೆಗೆ ಹವಾಲ್ದಾರ ಶಮಶುದ್ದೀನ. ಹಿಂದೆ ಗುರಣ್ಣ, ಪ್ಯಾಂಟಿನ ತುಂಬ ಕುರಿಯ ಉಣ್ಣೆ.

ಗುರಣ್ಣ ನನ್ನ ಕಾಲರ್ ಹಿಡಿದ. "ಚೀಲ ಎಲ್ಲೈತಿ?"

"ಕಾಲಾಗ ನೋಡು."

ಅವನು ಚೀಲ ಕೊಡವಿದ. ಧೂಳು ಉದುರಿತು.

ಬಸಂತರಾಯನ ಕನ್ನಡಕ ಹೆಂಗಸರ ಕಡೆಗೆ ಹೊರಳಿತು. ಅರಳಿದ ಸೆರಗು, ತುಂಬಿದ ಉಡಿ. ಅವನಿಗೆ ತಿಳಿಯಿತು.

"ಹವಾಲ್ದಾರ್ರ, ಜಪ್ತಿ ಆರ್ಡರ್ ಐತಿ. ಅವರ ಉಡ್ಯಾಗಿಂದು ತಗೀಸ್ರಿ!"

ಶಮಶುದ್ದೀನ ಟೋಪಿ ತೆಗೆದು ಬೆವರು ಒರೆಸಿಕೊಂಡ. "ಸಾಹೇಬ್ರ, ಚೀಲ ಜಪ್ತಿ ಮಾಡು ಅಂದ್ರ ಮಾಡ್ತೇನಿ. ಮನಿ ಬೀಗ ಒಡಿ ಅಂದ್ರ ಒಡೀತೇನಿ. ಕುಬಸದಾಗ ಹೆಣ್ಣಮಕ್ಕಳ ಉಡಿಗಿ ಕೈ ಹಾಕಿಸಿದ್ರ ನಾ ನಮ್ಮ ಮನಿಗಿ ಯಾವ ಮಾರಿ ಹೊತ್ಕೊಂಡು ಹೋಗ್ಲಿ? ನಿಮಗ ಧೈರ್ಯ ಇದ್ರ ನೀವ ಹಾಕ್ರಿ. ನಾ ಆ ಕಡೆ ನಿಲ್ತೇನಿ."

ಸಗೀರಾ ಒಂದು ಹೆಜ್ಜೆ ಮುಂದೆ ಬಂದಳು. "ಬರ್ರಿ ಸಾಹೇಬ್ರ. ಬಳಿ ಬೇಕಂದ್ರೂ ಇಡಿಸ್ತೇನಿ!"

ಹಂದರ ಗೊಳ್ಳೆಂದಿತು. ಗುರಣ್ಣ ನನ್ನ ಕಾಲರ್ ಬಿಟ್ಟ. ಹೆಂಗಸರು ಉಡಿ ಕಟ್ಟಿಕೊಂಡು ಒಬ್ಬೊಬ್ಬರಾಗಿ ಬಸಂತರಾಯನ ಮುಂದೆಯೇ ತಂತಮ್ಮ ಊರ ದಾರಿ ಹಿಡಿದರು.

ಗೆದ್ದೆವು ಅಂದುಕೊಂಡೆ. ಬಸಂತರಾಯನ ಬುದ್ಧಿ ನನಗಿನ್ನೂ ಗೊತ್ತಿರಲಿಲ್ಲ. ಅವನು ಚಪ್ಪಲಿ ಬಿಟ್ಟ. ಹುಚ್ಚವ್ವನ ಮುಂದೆ ಬಂದು ಎರಡೂ ಕೈ ಒಡ್ಡಿದ. ದನಿ ಮತ್ತೆ ಬೆಣ್ಣೆಯಾಗಿತ್ತು.

"ಯವ್ವಾ, ಕೇಳಿದಾವ್ರಿಗಿ ಇಲ್ಲ ಅನ್ನಂಗಿಲ್ಲ ಅಂತ ಅತ್ತಿಗಿ ಮಾತು ಕೊಟ್ಟೀದಿ. ನೀನ ಹೇಳಿದ್ದಿ ನನಗ. ಈಗ ನಾ ಕೇಳಾಕತ್ತೇನಿ. ನಿನ್ನ ಉಡ್ಯಾಗಿಂದು ನನಗ ಕೊಡು. ಕೇಸು ಹಿಂದಕ್ಕ ತಗೋತೇನಿ."

ಹವಾಲ್ದಾರನ ಮುಂದೆ ತಾನಾಗಿ ಕೊಟ್ಟರೆ ಮುಗಿಯಿತು, ಕಂಪನಿಯ ಮಾಲನ್ನು ಕಂಪನಿಗೆ ಒಪ್ಪಿಸಿದ ಹಾಗೆ. ಮುಂದೆ ಆ ತೊಗರಿ ಬಿತ್ತಿದವರೆಲ್ಲ ಕಳ್ಳರು. ಕೊಡದಿದ್ದರೆ ಸತ್ತ ಅತ್ತೆಗೆ ಕೊಟ್ಟ ಮಾತು...

"ಕೊಡಬ್ಯಾಡ ಬೇ!" ಎಂದೆ.

"ನೀ ಸುಮ್ಮನಿರೋ," ಎಂದಳು.

ಹುಚ್ಚವ್ವ ಅವನ ಅಂಗೈಗಳನ್ನು ನೋಡಿದಳು. ಉಡಿಯನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

"ಇಲ್ಲ."

"ಅತ್ತಿಗಿ ಕೊಟ್ಟ ಮಾತು?"

"ಅತ್ತಿಗಿ ನಾ ಹೇಳ್ಕೋತೇನಿ. ನೀ ನಡಿ."

ಹುಚ್ಚವ್ವ ಅತ್ತೆಗೆ ಕೊಟ್ಟ ಮಾತನ್ನು ಮುರಿದಳು.