ಕ್ಯಾಪ್ಟನ್ ಬಿಚ್ಚದ ಬೂಟು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಇದು ನಡೆದದ್ದು ಮಟಮಟ ಮಧ್ಯಾಹ್ನ.

ಆಸ್ಟಿನ್‌ನಲ್ಲಿ ಎಂ.ಎಸ್. ಓದುವಾಗ ನಾನೂ ನನ್ನ ರೂಮ್‌ಮೇಟ್ ಕೋಕಿಲಾಳೂ ಮ್ಯೂಸಿಯಂ ಮಾಡಿದ್ದ ಒಂದು ಹಳೆಯ ಮನೆಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕಿದ್ದೆವು. ಆ ಮನೆಯ ಯಜಮಾನ ಮೊದಲು ಹಡಗಿನ ಕ್ಯಾಪ್ಟನ್, ಆಮೇಲೆ ಶಾಸಕ. ಹಡಗು ಮುಳುಗುವಾಗ ತಾನು ಬೂಟು ಹುಡುಕುತ್ತಾ ತಡ ಮಾಡಿದ್ದಕ್ಕೇ ತನ್ನ ಜನ ಸತ್ತರೆಂದು ಕೊರಗುತ್ತಿದ್ದನಂತೆ. ಅಂದಿನಿಂದ ಶಾಸನಸಭೆಯಲ್ಲಿರಲಿ, ಹಾಸಿಗೆಯಲ್ಲಿರಲಿ, ಸಾಯುವವರೆಗೂ ಅವನು ಬೂಟು ಬಿಚ್ಚಲಿಲ್ಲ. ಆ ಬೂಟು ಈಗ ಕೆಳಗಿನ ಹಾಲ್‌ನಲ್ಲಿ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿತ್ತು.

ಅಂದು ಮ್ಯೂಸಿಯಂಗೆ ರಜೆ. ಧೂಳು ಒರೆಸಲು ಬಂದವರು ನಾವಿಬ್ಬರೇ. ಅಭ್ಯಾಸಬಲದಿಂದ ಶೂಗಳನ್ನು ಬಾಗಿಲಲ್ಲೇ ಬಿಟ್ಟೆವು.

"ನಮ್ಮನೇಗೆ ಬಂದ ಹಾಗೆ ಬಿಟ್ವಲ್ಲೇ!" ಎಂದು ಕೋಕಿಲಾ ನಕ್ಕಳು.

ಎಸಿ ಆಫ್ ಆಗಿದ್ದರೂ ಮಹಡಿಯ ಮೇಲಿನ ಕ್ಯಾಪ್ಟನ್ನನ ಕೋಣೆ ಕೊರೆಯುತ್ತಿತ್ತು. ಮಂಚದ ಪಕ್ಕದ ನೆಲ ನನ್ನ ಕಾಲಿಗೆ ಒದ್ದೆಯಾಗಿ ತಾಗಿತು. ಸಮುದ್ರದ ವಾಸನೆ. ಹಿಂದಿನಿಂದ ಯಾರೋ ಬರಿಗಾಲಲ್ಲಿ ಬರುವ ಸಪ್ಪಳ.

"ಜಾರುತ್ತೆ, ನಿಧಾನ ಕಣೇ," ಎಂದೆ ತಿರುಗದೆ, ಒದ್ದೆ ನೆಲವನ್ನೇ ನೋಡುತ್ತಾ.

"ಯಾರಿಗೆ ಹೇಳ್ತಿದೀಯ?" ಕೋಕಿಲಾಳ ದನಿ ನನ್ನ ಎದುರಿನ ಕಿಟಕಿಯ ಹತ್ತಿರದಿಂದ ಬಂತು. ಸಪ್ಪಳ ನಿಂತಿತು. ಮಂಚ ಕಿರ್ರೆಂದಿತು, ಭಾರದ ಮನುಷ್ಯ ಮಲಗಿದ ಹಾಗೆ.

ಇಬ್ಬರೂ ಕೆಳಗೆ ಓಡಿದೆವು. ಗಾಜಿನ ಪೆಟ್ಟಿಗೆಯ ಬೀಗ ಹಾಕಿದ ಹಾಗೇ ಇತ್ತು, ಒಳಗೆ ಏನೂ ಇರಲಿಲ್ಲ. ಬಾಗಿಲಲ್ಲಿ ನಮ್ಮ ಶೂಗಳ ಪಕ್ಕ ಕ್ಯಾಪ್ಟನ್ನನ ಬೂಟುಗಳನ್ನು ಒಪ್ಪವಾಗಿ ಜೋಡಿಸಿಡಲಾಗಿತ್ತು.

ನನ್ನ ಶೂ ಎತ್ತಿಕೊಳ್ಳುವಾಗ ಕೈ ಆ ಬೂಟಿನ ಒಳಭಾಗಕ್ಕೆ ತಾಗಿತು. ಬೆಚ್ಚಗಿತ್ತು.