ಎಲೆಯ ಪಕ್ಕ ಇಟ್ಟ ಪುಸ್ತಕ

ಆಟಿ, ನಮ್ಮ ಕಡೆ ಸತ್ತವರಿಗೆ ಬಡಿಸುವ ತಿಂಗಳು. ಡೊಂಬಿವಲಿಯಲ್ಲಿ ಮಳೆ ಹಿಡಿದಿತ್ತು. ಹಿಂದಿನ ವರ್ಷ ತೀರಿಕೊಂಡಿದ್ದ ನನ್ನ ಅಣ್ಣ ಲೋಕನಾಥನಿಗೆ ಎಲೆ ಹಾಕಿ ಬಡಿಸಲೆಂದು ಬೆಳಿಗ್ಗೆಯಿಂದ ಕೋಳಿಸಾರು, ಬಂಗುಡೆಯ ಕೆಲಸ ನಡೆದಿತ್ತು.

ಸತ್ತವರ ಇಷ್ಟದ ವಸ್ತುವನ್ನು ಎಲೆಯ ಪಕ್ಕ ಇಡುವುದು ನಮ್ಮ ಕ್ರಮ. ಅಪ್ಪನಿಗೆ ಬೀಡಿ ಇಡುತ್ತಿದ್ದೆವು. ಅಣ್ಣ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವನು.

“ಶಂಭು, ಅವರು ಬರೆದ ಪುಸ್ತಕ ಇಡುವಾ. ನಿನಗೊಂದು ಕೊಟ್ಟಿದ್ದರಲ್ಲ,” ಎಂದರು ವಿನೋದತ್ತಿಗೆ.

ಈಚಿನ ಜರ್ಮನ್, ಫ್ರೆಂಚ್ ತತ್ತ್ವಜ್ಞಾನಿಗಳ ಬಗ್ಗೆ ಅಣ್ಣ ವರ್ಷಗಟ್ಟಲೆ ಕೂತು ಬರೆದದ್ದು ಅದು. ಕಪಾಟಿನಿಂದ ತೆಗೆದೆ. ಪ್ಲಾಸ್ಟಿಕ್ ಹೊದಿಕೆ ಹರಿದೇ ಇರಲಿಲ್ಲ.

ಅತ್ತಿಗೆ ಅದನ್ನು ತಿರುಗಿಸಿ ನೋಡಿದರು. “ಶಂಭು ಪೂರ್ತಿ ಓದಿದ್ದಾನೆ, ಫಸ್ಟ್ ಕ್ಲಾಸ್ ಅಂದ ಅಂತ ಎಲ್ಲರ ಹತ್ತಿರ ಹೇಳ್ತಿದ್ದರು.”

ಅಣ್ಣನಿಗೆ ಹಾಗೆ ಹೇಳಿದ್ದು ನಾನೇ. ಪುಸ್ತಕವನ್ನು ಹಾಗೇ ಎಲೆಯ ಬಳಿ ಇಟ್ಟು, ಅಣ್ಣ ಬಂದು ಉಣ್ಣಲೆಂದು ಬಾಗಿಲು ಹಾಕಿ ಹೊರಗೆ ನಿಂತೆವು.

ಒಳಗೆ ಪ್ಲಾಸ್ಟಿಕ್ಕಿನ ಪರಪರ ಸದ್ದು. ಯಾರೋ ಉಗುರಿನಿಂದ ಅಂಚು ಹುಡುಕಿದ ಹಾಗೆ.

“ಇಲಿಯೇನೋ,” ಎಂದೆ.

“ನಾಲ್ಕನೇ ಮಾಳಿಗೆಗೆ ಎಂತ ಇಲಿ ಮಾರಾಯ?”

ಬಾಗಿಲು ತೆರೆದಾಗ, ಆಗಷ್ಟೇ ಬಿಸಿಬಿಸಿ ಬಡಿಸಿದ ಸಾರು ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟಿತ್ತು. ಹೊದಿಕೆ ಎಲ್ಲೂ ಹರಿದಿರಲಿಲ್ಲ. ಆದರೆ ಅದರೊಳಗೆ, ಪುಸ್ತಕದ ಮೊದಲ ಹಾಳೆಗಳ ನಡುವೆ, ಬಂಗುಡೆಯ ಮುಳ್ಳೊಂದು ಗುರುತಿಗೆ ಇಟ್ಟಂತೆ ಹೊರಚಾಚಿತ್ತು.

“ಅಲ್ಲಿವರೆಗಾದರೂ ಓದು ಶಂಭು,” ಎಂದು ಅತ್ತಿಗೆ ಎಲೆ ತೆಗೆದರು.

ಮೂರು ಆಟಿ ಕಳೆದಿವೆ. ಮುಳ್ಳು ಈಗ ಪುಸ್ತಕದ ಅರ್ಧಕ್ಕೆ ಬಂದಿದೆ. ಹೊದಿಕೆಯನ್ನು ನಾನಿನ್ನೂ ಹರಿದಿಲ್ಲ.