ವಾಸಿಯಾಗದ ನೆಗಡಿ

"ಕಡ್ಡಿ ಗೀರಬೇಡಿ!"

ಬೇಕರಿಯ ಹಿಂಬಾಗಿಲಲ್ಲಿ ಯಾರೋ ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಬೆಂಕಿಪೊಟ್ಟಣ ಜಾರಿ ನೆಲಕ್ಕೆ ಬಿತ್ತು. ಏನಾಯಿತೆಂದು ತಿರುಗುವಷ್ಟರಲ್ಲಿ ಆತ ಹಾಲಿನ ಕ್ಯಾನನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ನುಗ್ಗಿದ್ದ. ಸಿಲಿಂಡರ್ ಬಂದ್ ಮಾಡಿದ. ಕಿಟಕಿಗಳನ್ನು ದಡದಡನೆ ತೆರೆದ. ಅವಳ ರಟ್ಟೆ ಹಿಡಿದು ಓಣಿಗೆ ಎಳೆದು ತಂದು ನಿಲ್ಲಿಸಿದ ಮೇಲೆಯೇ ಉಸಿರು ಬಿಟ್ಟ.

"ಒಳಗೆಲ್ಲಾ ಗ್ಯಾಸ್ ತುಂಬಿದೆ ರೀ... ಓಣಿವರೆಗೂ ವಾಸನೆ ಹೊಡೀತಾ ಇದೆ. ನಿಮಗೆ ಮೂಗಿಲ್ವಾ?"

ಸಿಟ್ಟು ಬಂದಾಗ ಯಾರಾದರೂ ಕೇಳುವ ಮಾತೇ ಅದು. ಆದರೆ ಅವಳಿಗೆ ಎದೆ ಧಸಕ್ಕೆಂದಿತು. ಇಷ್ಟು ದಿನ ಯಾರಿಗೂ ಗೊತ್ತಾಗದಂತೆ ಕಾಪಾಡಿಕೊಂಡು ಬಂದದ್ದನ್ನು ಈ ಹೊಸ ಹಾಲಿನವನು ಬಂದ ಮೊದಲನೇ ದಿನವೇ ಬಾಯಿಬಿಟ್ಟು ಕೇಳಿಬಿಟ್ಟಿದ್ದ.

"ನೆಗಡಿ..." ಎಂದಳು.

"ನೆಗಡಿ ಆದ್ರೆ ಯಾರನ್ನಾದ್ರೂ ಜೊತೆಗಿಟ್ಕೊಳ್ಳಿ. ನಾನೇನಾದ್ರೂ ಇನ್ನೊಂದು ನಿಮಿಷ ತಡ ಮಾಡಿದ್ದಿದ್ರೆ..."

ಆತ ಅವಳ ರಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದೇ ಇದ್ದ. ತನ್ನ ಜೀವ ಈಗಷ್ಟೇ ಉಳಿದಿದೆ ಎನ್ನುವುದು ಅವಳಿಗೆ ಅರ್ಥವಾದದ್ದು ಆ ಹಿಡಿತವನ್ನು ನೋಡಿದಾಗ.

ನೆಗಡಿಯಂತೆ, ನೆಗಡಿ! ನಿಜ ಹೇಳಬೇಕೆಂದರೆ ಕಳೆದ ವರ್ಷ ಬಂದ ಕೆಟ್ಟ ಜ್ವರ ಹೋಗುವಾಗ ಅವಳ ವಾಸನೆಯ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಬರಲಿಲ್ಲ. ತಾನೇ ಮಾಡಿದ ಬನ್ನು ಬಾಯಿಗೆ ಹಾಕಿಕೊಂಡರೆ ಉಪ್ಪು, ಸಿಹಿ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಇವಳು ಬೇಕರಿಯ ಮಗಳು! ಚಿಕ್ಕವಳಿದ್ದಾಗ ಬೀದಿಯ ತುದಿಯಿಂದಲೇ ಒಲೆಯಲ್ಲಿ ಬೇಯುತ್ತಿರುವುದು ಕೇಕೋ ರಸ್ಕೋ ಹೇಳಿಬಿಡುತ್ತಿದ್ದಳು. ಅದಕ್ಕೇ ಅಮ್ಮ ಅವಳಿಗೆ ಇಟ್ಟ ಮುದ್ದಿನ ಹೆಸರು 'ಇರುವೆ'. ಈಗ ಅಮ್ಮ ಹಾಗೆ ಕರೆದಾಗಲೆಲ್ಲಾ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಅಮ್ಮನಿಗೆ ಹೇಳುವುದಾದರೂ ಹೇಗೆ? ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಬಿದ್ದು, ಸೊಂಟದ ಆಪರೇಷನ್ ಆಗಿ ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದರು. ಇನ್ನು ಒಲೆಯ ಮುಂದೆ ನಿಲ್ಲುವ ಹಾಗಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಪಕ್ಕದಲ್ಲೇ ಚಪ್ಪಲಿ ಅಂಗಡಿ ಇಟ್ಟಿದ್ದ ಸೋದರಮಾವ ಅಂದಿನಿಂದ ಒಂದೇ ರಾಗ ಹಿಡಿದಿದ್ದ. "ಅಕ್ಕಾ, ಸುಮ್ನೆ ನನಗೆ ಕೊಟ್ಬಿಡು. ಗೋದಾಮು ಮಾಡ್ಕೋತೀನಿ. ಇವಳೇನು ಬೇಕರಿ ನಡೆಸ್ತಾಳಾ?"

ಅಮ್ಮ ಒಂದು ಮಾತು ಹೇಳಿದ್ದರು. "ನಾನು ಎದ್ದು ಓಡಾಡೋವರೆಗೂ ಇರುವೆ ನೋಡ್ಕೊಳ್ಳಲಿ. ನಾನು ಮಹಡಿ ಮನೆಯಿಂದ ಕೆಳಗೆ ಇಳಿದು ಬಂದ ದಿನ ಒಲೆ ಮುಂದೆ ಕೂತು ನೋಡ್ತೀನಿ. ಸರಿ ಅನ್ನಿಸಿದ್ರೆ ಅವಳಿಗೆ, ಇಲ್ಲಾಂದ್ರೆ ನಿನಗೆ. ಬೇಕರಿ ಅಂದ್ರೆ ಮೂಗು ಕಣೋ. ಅವಳಿಗೆ ಅದಿದೆ."

ಅವಳಿಗೆ ಅದೊಂದೇ ಇರಲಿಲ್ಲ. ಕಾಲೇಜು ಅರ್ಧಕ್ಕೆ ನಿಂತಿತ್ತು. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಈ ಒಲೆಯೂ ಹೋದರೆ ತಾನು ಯಾರು ಎಂದು ಯೋಚಿಸುವುದಕ್ಕೂ ಅವಳಿಗೆ ಭಯವಾಗುತ್ತಿತ್ತು.

ಗ್ಯಾಸಿನ ಆ ಬೆಳಿಗ್ಗೆಯಾದ ಮೇಲೆ ಅವಳು ತಲೆ ಓಡಿಸಿದಳು. ಸೈಕಲ್ ಟ್ಯೂಬಿನ ತೂತನ್ನು ನೀರಿನಲ್ಲಿ ಮುಳುಗಿಸಿ ಹುಡುಕುತ್ತಾರಲ್ಲ? ಹಾಗೆಯೇ ದಿನಾ ಒಲೆ ಹಚ್ಚುವ ಮುಂಚೆ ಪೈಪಿನ ಜೋಡಣೆಗಳಿಗೆಲ್ಲಾ ಸೋಪಿನ ನೊರೆ ಬಳಿದು ಬಗ್ಗಿ ನೋಡತೊಡಗಿದಳು. ಗುಳ್ಳೆ ಎದ್ದರೆ ಸೋರಿಕೆ, ಏಳದಿದ್ದರೆ ಕ್ಷೇಮ.

ಹಾಲಿನವನು ದಿನಾ ಬಂದ. ದಿನಾ ಒಂದೇ ಪ್ರಶ್ನೆ.

"ನೆಗಡಿ ಹೇಗಿದೆ?"

"ಇನ್ನೂ ಹೋಗಿಲ್ಲ."

"ಕಷಾಯ ಕುಡೀರಿ."

"ಕುಡೀತಿದೀನಿ."

ಕ್ಯಾನ್ ಇಳಿಸಿದ ಮೇಲೂ ಆತ ತಕ್ಷಣ ಹೋಗುತ್ತಿರಲಿಲ್ಲ. ಬೆಣ್ಣೆಯ ಡಬ್ಬಿ ಮುಚ್ಚಳ ತೆಗೆದು, "ಇದು ಇವತ್ತು ಬೇಡ, ಬೇರೆ ತಂದುಕೊಡ್ತೀನಿ" ಎನ್ನುತ್ತಿದ್ದ. ಬ್ರೆಡ್ಡಿನ ಟ್ರೇ ಒಲೆಯಲ್ಲಿದ್ದರೆ, "ಆಯ್ತು ಅನ್ಸುತ್ತೆ, ನೋಡಿ" ಎನ್ನುತ್ತಿದ್ದ.

ಇವನಿಗೆ ಯಾಕಿಷ್ಟು ಉಸಾಬರಿ ಎಂದು ಮೊದಮೊದಲು ರೇಗುತ್ತಿತ್ತು. ಆಮೇಲೆ ಆಮೇಲೆ... ವ್ಯಾನಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಕೈ ತಾನಾಗಿ ಏಪ್ರನ್ನಿನ ಹಿಟ್ಟು ಕೊಡವಿಕೊಳ್ಳತೊಡಗಿತು. ಒಮ್ಮೆ ಆತ ಒಂದು ಗಳಿಗೆ ತಡವಾಗಿ ಬಂದಾಗ ಅವಳು ಓಣಿಗೆ ಇಳಿದು ನಿಂತಿದ್ದಳು. ಹಾಲಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು, ಪಾಪ.

ಮಾವನಿಗೆ ಮಾತ್ರ ಆತನನ್ನು ಕಂಡರಾಗದು. "ಬಂತು ನೋಡು ಹುಳಿ ಹಾಲು" ಎಂದು ಮೂಗು ಮುರಿಯುತ್ತಿದ್ದ.

ಅಷ್ಟರಲ್ಲಿ ಅಮ್ಮ ಮನೆಗೆ ಬಂದರು. ಬೇಕರಿಯ ಮೇಲಿನ ಕೋಣೆಯಲ್ಲೇ ಮಂಚ. ಅಲ್ಲಿಂದಲೇ ವಾಸನೆ ಹಿಡಿದು, "ಇರುವೇ, ಸ್ವಲ್ಪ ಸೀದ ಹಾಗಿದೆಯಲ್ಲೇ!" ಎಂದು ಕೂಗುತ್ತಿದ್ದರು. "ಹಳೇ ಟ್ರೇ ಅಮ್ಮಾ" ಎಂದು ಸುಳ್ಳು ಹೇಳಿ ಅವಳು ಒಲೆಯ ಕಡೆಗೆ ಓಡುತ್ತಿದ್ದಳು.

ಅಮ್ಮ ಕೋಲು ಹಿಡಿದು ಮೊದಲ ಹೆಜ್ಜೆ ಇಟ್ಟ ದಿನ ಹಾಲಿನವನು ಕ್ಯಾನಿನ ಜೊತೆಗೆ ಇನ್ನೊಂದನ್ನೂ ತಂದಿದ್ದ. ಹಳೆಯ ಪೇಪರಿನಲ್ಲಿ ಸುತ್ತಿದ ಕಡುನೀಲಿ ಹೂವುಗಳು.

"ಅಮ್ಮನಿಗಾ?" ಎಂದಳು.

"ಅಲ್ಲ... ನಿಮಗೆ."

ಅವಳಿಗೆ ಏನು ಮಾಡಬೇಕೋ ತೋಚಲಿಲ್ಲ. ಹೂವು ಕೊಟ್ಟರೆ ಹುಡುಗಿಯರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಮುಖವನ್ನು ಹೂವಿನಲ್ಲಿ ಹುದುಗಿಸಿ ದೀರ್ಘವಾಗಿ ಉಸಿರೆಳೆದುಕೊಂಡಳು.

"ಎಷ್ಟು ಒಳ್ಳೆ ಪರಿಮಳ..."

ಆ ಹೊತ್ತಿಗೇ ಬನ್ನಿಗೆಂದು ಒಳಗೆ ಬಂದ ಮಾವ, ಹೂವಿನ ಹತ್ತಿರ ಬಗ್ಗಿ ಮೂಸಿ ನಕ್ಕ. "ಇದರಲ್ಲಿ ಎಲ್ಲಿಂದ ಬಂತೇ ಪರಿಮಳ? ಈ ಜಾತಿ ಹೂವಿಗೆ ವಾಸನೇನೇ ಇರಲ್ಲ."

ಅವಳ ಕಿವಿ ಬಿಸಿಯಾಯಿತು.

"ನನ್ನ ಕೈಯದು ಇರಬೇಕು," ಹಾಲಿನವನು ಥಟ್ಟನೆ ಹೇಳಿದ. "ಹೊಸ ಸೋಪು."

ಮಾವ ಬನ್ನು ತೆಗೆದುಕೊಂಡು ಹೋದ. ಅವಳು ನಿಂತಲ್ಲೇ ನಿಂತಿದ್ದಳು. ಆತ ತನಗಾಗಿ ಸುಳ್ಳು ಹೇಳಿದ್ದ. ಹಾಗಾದರೆ...

"ನಿಮಗೆ ಗೊತ್ತಿತ್ತು," ಎಂದಳು.

"ಹ್ಞೂಂ."

"ಯಾವಾಗಿಂದ?"

"ಮೊದಲನೇ ವಾರದಿಂದಾನೇ. ನೆಗಡಿ ಆದೋರು ಸೀನ್ತಾರೆ. ನೀವು ಒಂದು ಸಲಾನೂ ಸೀನಿಲ್ಲ."

"ಮತ್ತೆ ಈ ಹೂವು? ವಾಸನೆ ಇಲ್ಲದ್ದು ಅಂತ ಗೊತ್ತಿದ್ದೂ ತಂದ್ರಾ?"

"ಬೇಕಂತಲೇ ತಂದೆ. ಯಾಕಂದ್ರೆ..."

"ಪರೀಕ್ಷೆ ಮಾಡೋಕೆ!" ಅವಳ ದನಿ ಒಡೆಯಿತು. "ಇವಳು ಎಷ್ಟು ದಿನ ಸುಳ್ಳು ಹೇಳ್ತಾಳೆ ನೋಡೋಣ ಅಂತ ಅಲ್ವಾ? ದಿನಾ ನೆಗಡಿ ಹೇಗಿದೆ ಅಂತ ಕೇಳಿ ಕೇಳಿ ಒಳಗೊಳಗೇ ನಗ್ತಾ ಇದ್ರಾ?"

"ನನ್ನ ಮಾತು ಸ್ವಲ್ಪ ಕೇಳಿ..."

"ನಾಳೆಯಿಂದ ಹಾಲು ತರಬೇಡಿ. ಬೇರೆಯವರಿಗೆ ಹೇಳ್ಕೋತೀನಿ."

ಆತ ಖಾಲಿ ಕ್ಯಾನ್ ಎತ್ತಿಕೊಂಡ. ಬಾಗಿಲ ಹತ್ತಿರ ಒಂದು ಕ್ಷಣ ನಿಂತ. "ಬೆಳಿಗ್ಗೆ ಪೈಪು ನೋಡ್ಕೊಳ್ಳಿ. ಮರೀಬೇಡಿ," ಎಂದು ಹೇಳಿ ಹೋದ.

ಅವಳು ಹೂವನ್ನು ಬಿಸಾಡಬೇಕೆಂದುಕೊಂಡಳು. ಬಿಸಾಡಲಿಲ್ಲ. ನೀರಿನ ಲೋಟದಲ್ಲಿಟ್ಟು ಬೆನ್ನು ತಿರುಗಿಸಿ ಅತ್ತಳು.

ಮರುದಿನದಿಂದ ಮೂಗಿನ ಸಹಾಯಕ್ಕೆ ಯಾರೂ ಇರಲಿಲ್ಲ. ಮೊದಲ ಬೆಳಿಗ್ಗೆಯೇ ಒಂದು ಟ್ರೇ ಪೂರ್ತಿ ಕಪ್ಪಾಯಿತು. ಅಮ್ಮನಿಗೆ ತಿಳಿಯದಂತೆ ಅದನ್ನು ಹಿಂಬಾಗಿಲಿನಿಂದ ಸಾಗಿಸುವಾಗ, ಸಾಕು, ಮಾವನಿಗೇ ಕೊಟ್ಟುಬಿಡಲಿ ಎನಿಸಿತು. ಆದರೆ ಮಾರನೆಯ ಬೆಳಿಗ್ಗೆ ಕೈ ಮತ್ತೆ ಹಿಟ್ಟಿಗೇ ಹೋಯಿತು.

ನಿಧಾನಕ್ಕೆ ಅವಳು ಬೇರೆ ದಾರಿ ಹುಡುಕಿಕೊಂಡಳು. ಬ್ರೆಡ್ಡನ್ನು ಮಗುಚಿ ತಳಕ್ಕೆ ಬೆರಳಿನಿಂದ ಬಡಿದು, ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದು ತಿಳಿದಳು. ಒಲೆಯ ಗಾಜಿಗೆ ಕಣ್ಣು ಅಂಟಿಸಿಕೊಂಡು ಬಣ್ಣ ಕಲಿತಳು. ಬೆಣ್ಣೆಯ ಅಂಚು ಹಳದಿಗೆ ತಿರುಗಿದರೆ ಪಕ್ಕಕ್ಕಿಟ್ಟಳು. ಹಾಲನ್ನು ಒಂದು ಸೌಟಿನಷ್ಟು ಕಾಸಿ ನೋಡದೆ ಹಿಟ್ಟಿಗೆ ಸುರಿಯುತ್ತಿರಲಿಲ್ಲ. ಮೇಲಿನಿಂದ ಅಮ್ಮ ಸೀದಿದೆ ಎಂದು ಕೂಗುವುದು ಯಾವಾಗಲೋ ನಿಂತಿತ್ತು. ಅದನ್ನು ಹೇಳಿಕೊಳ್ಳಬೇಕೆನಿಸಿದವನೊಬ್ಬನಿದ್ದ. ಅವನನ್ನು ಅವಳೇ ಬರಬೇಡ ಎಂದಿದ್ದಳು.

ಕೊನೆಗೆ ಆ ದಿನ ಬಂದೇ ಬಂತು. ಅಮ್ಮ ಮೆಟ್ಟಿಲು ಇಳಿದು ಬಂದು ಒಲೆಯ ಎದುರು ಸ್ಟೂಲಿನಲ್ಲಿ ಕುಳಿತರು. ಮಾವ ಪಕ್ಕದಲ್ಲಿ ಕೈಕಟ್ಟಿ ನಿಂತ. ಅವಳು ಪೈಪಿಗೆ ನೊರೆ ಬಳಿಯುವ ಕೆಲಸವನ್ನು ಅವರು ಬರುವ ಮುಂಚೆಯೇ ಮುಗಿಸಿದ್ದಳು. ಉಳಿದದ್ದನ್ನೆಲ್ಲಾ ಅಮ್ಮನ ಕಣ್ಣೆದುರೇ ಮಾಡಬೇಕು. ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಮಾಡದಿದ್ದರೆ?

ಹೊಸ ಹಾಲಿನವರು ಇಟ್ಟುಹೋದ ಕ್ಯಾನನ್ನು ತೆರೆದಳು. ಬಗ್ಗಿ, ಮೂಸಿದಂತೆ ನಟಿಸಿದಳು.

"ಇಲ್ಲಿ ತಾ," ಎಂದು ಅಮ್ಮ ತಾವೂ ಮೂಸಿದರು. "ಚೆನ್ನಾಗಿದೆ. ಸುರಿ."

ಸುರಿದುಬಿಟ್ಟರೆ ಮುಗಿಯಿತು. ಅಮ್ಮನೇ ಸರಿ ಎಂದಿದ್ದಾರೆ. ಅವಳು ಕ್ಯಾನನ್ನು ಹಿಟ್ಟಿನ ಮೇಲೆ ಬಾಗಿಸಿದಳು. ಕೈ ಮುಂದೆ ಹೋಗಲಿಲ್ಲ.

'ನನಗೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಹೇಗೆ ಸುರಿಯಲಿ? ಇದನ್ನ ತಿನ್ನೋರಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ...'

ಕ್ಯಾನನ್ನು ಕೆಳಗಿಟ್ಟಳು. ಸೌಟಿನಲ್ಲಿ ಹಾಲು ತೆಗೆದು ಉರಿಯ ಮೇಲೆ ಹಿಡಿದಳು. ಅಂಚಿನಲ್ಲಿ ಸಣ್ಣಗೆ ಗುಳ್ಳೆ ಎದ್ದಿತು, ಮತ್ತೆ ನೋಡನೋಡುತ್ತಲೇ ಹಾಲು ಒಡೆದು ನೀರು ಬೇರೆ, ಗಡ್ಡೆ ಬೇರೆ ಆಯಿತು.

ಅಮ್ಮ ಸೌಟನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು.

"ವಾಸನೆ ಚೆನ್ನಾಗೇ ಇತ್ತಲ್ಲೇ. ನಾನು ಹೇಳಿದ ಮೇಲೂ ಯಾಕೆ ಕಾಸಿ ನೋಡ್ದೆ?"

"ನನಗೆ ವಾಸನೆ ಬರಲ್ಲಮ್ಮ." ಹೇಳಿಬಿಟ್ಟಳು. "ಆ ಜ್ವರ ಬಂದಾಗಿಂದ ಏನೂ ಬರಲ್ಲ."

"ಮೂಗೇ ಇಲ್ಲದೋಳ ಕೈಗೆ ಒಲೆ ಕೊಡ್ತೀಯಾ ಅಕ್ಕಾ?" ಎಂದ ಮಾವ.

"ನೀನು ಸುಮ್ನಿರು." ಅಮ್ಮನ ಮುಖ ಬಿಳಿಚಿಕೊಂಡಿತ್ತು. "ಗ್ಯಾಸ್... ಗ್ಯಾಸ್ ಸೋರಿದ್ರೆ ಹೇಗೆ ಗೊತ್ತಾಗುತ್ತೆ ನಿನಗೆ?"

ಅವಳು ಸೋಪಿನ ಡಬ್ಬಿ, ಬ್ರಷ್ಷು ತಂದು ತೋರಿಸಿದಳು. ಬ್ರೆಡ್ಡಿನ ತಳ ಬಡಿದು ಕೇಳಿಸಿದಳು. ಬೆಣ್ಣೆಯ ಅಂಚು ತೋರಿಸಿದಳು. ಎಲ್ಲಾ ಮುಗಿದ ಮೇಲೆ ತಲೆ ತಗ್ಗಿಸಿ ನಿಂತಳು.

"ಒಂದು ವರ್ಷ ಇದನ್ನ ಒಬ್ಬಳೇ ಹೊತ್ಕೊಂಡು ಓಡಾಡಿದ್ಯಲ್ಲೇ..." ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನು ಈ ಮೂಗನ್ನ ನಂಬಿ ಕೆಟ್ಟ ಹಾಲನ್ನ ಸುರಿ ಅಂದೆ. ನೀನು ಸುರೀಲಿಲ್ಲ. ಒಲೆ ನಿನ್ನದು ಕಣೇ." ಆಮೇಲೆ ತಮ್ಮನತ್ತ ತಿರುಗಿದರು. "ಗೋದಾಮಿಗೆ ಬೇರೆ ಜಾಗ ನೋಡ್ಕೋ. ಹೋಗೋ ದಾರೀಲಿ, ಗ್ಯಾಸ್ ಸೋರಿದ್ರೆ ಕೂಗ್ಕೊಳ್ಳೋ ಯಂತ್ರ ಸಿಗುತ್ತಲ್ಲ, ಅದೊಂದು ತಂದು ಹಾಕಿಸು. ಇನ್ನೇನು ಕದ್ದುಮುಚ್ಚಿ ಮಾಡೋದಿಲ್ಲವಲ್ಲ."

ಮಾವ ಕೆಟ್ಟವನಲ್ಲ. ಗೊಣಗಿಕೊಂಡೇ ಹೋದ.

"ಅದ್ಸರಿ, ಈಗ ಹಾಲಿಗೇನು ಮಾಡ್ತೀಯ?" ಅಮ್ಮ ಕೇಳಿದರು. "ಮೊದಲು ಬರ್ತಿದ್ದನಲ್ಲ, ಆ ಹುಡುಗ ಏನಾದ?"

ಅವಳು ಏಪ್ರನ್ನನ್ನೂ ಬಿಚ್ಚದೆ ಸೈಕಲ್ ಹತ್ತಿದಳು.

ಡೈರಿಯ ಅಂಗಳದಲ್ಲಿ ಆತ ಖಾಲಿ ಕ್ಯಾನುಗಳನ್ನು ತೊಳೆಯುತ್ತಿದ್ದ. ಹಿಟ್ಟು ಮೆತ್ತಿದ ಮುಖದ ಅವಳನ್ನು ಕಂಡು ನೀರಿನ ಪೈಪು ಆತನ ಕೈಯಿಂದ ಜಾರಿತು.

"ಏನಾಯ್ತು? ಗ್ಯಾಸಾ?"

"ಅಲ್ಲ. ಹಾಲು ಒಡೀತು. ಅಮ್ಮನಿಗೆ ಎಲ್ಲಾ ಹೇಳ್ಬಿಟ್ಟೆ. ಒಲೆ ನನಗೇ ಕೊಟ್ರು..." ಅವಳಿಗೆ ಏದುಸಿರು ಬರುತ್ತಿತ್ತು. "ನಿಮಗೆ ಹೇಳಬೇಕು ಅನ್ನಿಸ್ತು."

ಆತ ನಕ್ಕ. ಆ ನಗು ನೋಡಿ ಅವಳ ಧೈರ್ಯ ಉಡುಗಿತು. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಎನಿಸಿತು.

"ಆವತ್ತು ನಿಮ್ಮ ಮಾತು ಮುಗಿಸೋಕೆ ಬಿಡಲಿಲ್ಲ. ಆ ಹೂವು... ಯಾಕೆ ತಂದ್ರಿ?"

ಆತ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ಅಂಗಡೀಲಿ ಮಲ್ಲಿಗೆ ಇತ್ತು, ಗುಲಾಬಿ ಇತ್ತು. ಅದನ್ನ ಕೊಟ್ರೆ ಅರ್ಧ ಹೂವು ಮಾತ್ರ ಕೊಟ್ಟ ಹಾಗಾಗುತ್ತೆ ಅನ್ನಿಸ್ತು. ವಾಸನೇನೇ ಇಲ್ಲದ್ದು ಯಾವುದಿದೆ ಅಂತ ಕೇಳಿ ಆರಿಸಿ ತಂದೆ. ಅದರಲ್ಲಿ ಇರೋದೆಲ್ಲಾ ಕಣ್ಣಿಗೇ. ನಿಮಗೆ ಏನೂ ಕಮ್ಮಿ ಆಗಬಾರದು ಅಂತ."

ಅವಳು ಅದನ್ನು ಪರೀಕ್ಷೆ ಎಂದುಕೊಂಡಿದ್ದಳಲ್ಲ... ತನ್ನಿಂದ ಏನು ಕಳೆದುಹೋಗಿದೆ ಎಂದು ತಿಳಿದೇ, ಅದರ ನೆನಪೂ ಬಾರದಂತೆ ಒಬ್ಬ ಮನುಷ್ಯ ಹೂವು ಆರಿಸಿದ್ದ! ಕಣ್ಣೀರು ಹಿಟ್ಟಿನ ಮೇಲೆ ಗೆರೆ ಎಳೆಯುತ್ತಾ ಇಳಿಯಿತು.

"ಅದು ಬಾಡಿದೆ," ಎಂದಳು. "ಆದ್ರೆ ಇನ್ನೂ ಇಟ್ಕೊಂಡಿದೀನಿ."

"ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ," ಆತ ತಲೆ ಕೆರೆದುಕೊಂಡ. "ನನ್ನ ಮೈಯೆಲ್ಲಾ ಯಾವಾಗ್ಲೂ ಹುಳಿ ಹಾಲಿನ ವಾಸನೆ. ಎಷ್ಟು ತೊಳೆದರೂ ಹೋಗಲ್ಲ. ನೋಡೋಕೆ ಹೋದ ಹುಡುಗೀರೆಲ್ಲಾ ಮೂಗು ಮುಚ್ಕೊಂಡ್ರು."

"ಅದಕ್ಕೇ ಮೂಗಿಲ್ಲದೋಳನ್ನ ಹುಡುಕ್ಕೊಂಡು ಬಂದ್ರಾ?"

"ಅದಕ್ಕಲ್ಲ." ಆತ ತುಂಬಿದ ಕ್ಯಾನೊಂದನ್ನು ವ್ಯಾನಿಗೆ ಎತ್ತಿಟ್ಟ. ಅವಳ ಸೈಕಲನ್ನೂ ಎತ್ತಿ ಅದರ ಪಕ್ಕದಲ್ಲಿಟ್ಟ. ಮುಂದಿನ ಬಾಗಿಲು ತೆರೆದು ಹಿಡಿದು ಕೇಳಿದ, "ನೆಗಡಿ ಹೇಗಿದೆ?"

"ಇದು ವಾಸಿಯಾಗೋ ನೆಗಡಿ ಅಲ್ಲ."

"ಹಾಗಾದ್ರೆ ನಾನು ದಿನಾ ಬಂದು ಕೇಳ್ತಾನೇ ಇರಬೇಕಾಗುತ್ತೆ."

"ಕೇಳಿ," ಎಂದು ಅವಳು ವ್ಯಾನು ಹತ್ತಿ ಕುಳಿತಳು. "ಈಗ ಬೇಗ ನಡೀರಿ, ಒಲೆ ಕಾಯ್ತಾ ಇದೆ."